ಮೊದಲು ಕೈ ಪಳಗಬೇಕು: ಡೇನಿಯಲ್ ಡೇ-ಲೂಯಿಸ್ ನಟನೆಯನ್ನು ಹೀಗೂ ನೋಡಬಹುದು

ಇಂಗ್ಲಿಷ್ ಸಿನಿಮಾದ ನಟ ಡೇನಿಯಲ್ ಡೇ-ಲೂಯಿಸ್ ಹೆಸರು ಬಂದರೆ ಸಾಕು, ಮಾತು ಅವರ ಸಿನಿಮಾ ಬಿಟ್ಟು ಅವರ ಹಠದ ಕಡೆಗೆ ಹೊರಳುತ್ತದೆ. ಶೂಟಿಂಗ್ ಮುಗಿಯುವ ತನಕ ವೀಲ್‌ಚೇರ್ ಬಿಟ್ಟು ಏಳಲೇ ಇಲ್ಲವಂತೆ. ಚಳಿಯಲ್ಲಿ ಬೆಚ್ಚನೆಯ ಕೋಟು ಕೊಟ್ಟರೆ, ಕಥೆ ನಡೆಯುವ ಕಾಲದಲ್ಲಿ ಇಂಥದ್ದು ಇರಲಿಲ್ಲ ಅಂತ ಬೇಡ ಅಂದರಂತೆ. ಜೊತೆಯ ನಟಿಗೆ ಅಬ್ರಹಾಂ ಲಿಂಕನ್ ಆಗಿಯೇ ಮೆಸೇಜು ಕಳಿಸುತ್ತಿದ್ದರಂತೆ. ಕೇಳೋಕೆ ಮಜಾ ಇದೆ. ಆದರೆ ಇಷ್ಟೆಲ್ಲ ಕೇಳಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಅಷ್ಟು ಒದ್ದಾಡಿದ್ದು ತೆರೆಯ ಮೇಲೆ ಎಲ್ಲಿ ಕಾಣುತ್ತದೆ?

ನಮ್ಮಲ್ಲಿ ಇಂಥ ನಟನೆಗೆ ಒಂದು ಸಿದ್ಧ ಪದ ಇದೆ: ಪರಕಾಯ ಪ್ರವೇಶ. ವಿಮರ್ಶೆಯಲ್ಲಿ ಈ ಪದ ಬಂತು ಅಂದರೆ ವಿವರಣೆ ಅಲ್ಲಿಗೆ ಮುಗಿಯಿತು ಅಂತ ಅರ್ಥ. ಮಂತ್ರ ಹಾಕಿದ ಹಾಗೆ ಒಬ್ಬ ಇನ್ನೊಬ್ಬನ ಮೈಯೊಳಗೆ ಹೊಕ್ಕ, ಅಷ್ಟೇ. ಡೇ-ಲೂಯಿಸ್ ವಿಷಯದಲ್ಲಿ ಈ ಪದ ನಮ್ಮ ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ. ಮಂತ್ರವಾದಿಗಿಂತ ಅವರು ಬಡಗಿಗೆ ಹತ್ತಿರ. ಪಾತ್ರ ಯಾವ ಕಸುಬು ಮಾಡುತ್ತದೋ ಆ ಕಸುಬನ್ನು ಮೊದಲು ಕಲಿಯುತ್ತಾರೆ. ಕೈ ಪಳಗಿದ ಮೇಲೆ ಮುಖ, ಮಾತು, ಸಿಟ್ಟು, ಅಳು ಎಲ್ಲ.

ಬಡಗಿ ಅಂತ ಸುಮ್ನೆ ಹೇಳಲಿಲ್ಲ. ಅವರು ಹುಟ್ಟಿದ್ದು 1957ರಲ್ಲಿ, ಲಂಡನ್‌ನಲ್ಲಿ. ತಂದೆ ಸೆಸಿಲ್ ಡೇ-ಲೂಯಿಸ್ ಐರ್ಲೆಂಡಿನಲ್ಲಿ ಹುಟ್ಟಿದ ಕವಿ, ಆಮೇಲೆ ಬ್ರಿಟನ್ನಿನ ಆಸ್ಥಾನಕವಿಯಾದವರು. ತಾಯಿ ಜಿಲ್ ಬಾಲ್ಕನ್ ನಟಿ. ತಾಯಿಯ ತಂದೆ ಮೈಕೆಲ್ ಬಾಲ್ಕನ್ ಈಲಿಂಗ್ ಸ್ಟುಡಿಯೋ ಎಂಬ ಸಿನಿಮಾ ಸಂಸ್ಥೆ ನಡೆಸಿದವರು. ಅಂದರೆ ಮನೆ ತುಂಬ ಪದ್ಯ, ನಾಟಕ, ಸಿನಿಮಾ. ಆದರೂ ಹುಡುಗನಿಗೆ ಶಾಲೆಯಲ್ಲಿ ನಾಟಕದಷ್ಟೇ ಮರಗೆಲಸವೂ ಹಿಡಿಸಿತ್ತು. ಪೀಠೋಪಕರಣ ಮಾಡುವ ಕೆಲಸ ಕಲಿಯಲು ಅರ್ಜಿಯನ್ನೂ ಹಾಕಿದರು. ಅಲ್ಲಿ ತೆಗೆದುಕೊಳ್ಳಲಿಲ್ಲ. ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆ ತೆಗೆದುಕೊಂಡಿತು. ಮುಂದೆ 1990ರ ದಶಕದ ಕೊನೆಯಲ್ಲಿ, ಹೆಸರು ದುಡ್ಡು ಎರಡೂ ಇದ್ದ ಹೊತ್ತಿನಲ್ಲಿ, ಸಿನಿಮಾ ಬಿಟ್ಟು ಇಟಲಿಯ ಫ್ಲಾರೆನ್ಸ್‌ಗೆ ಹೋದರು. ಅಲ್ಲಿ ಸ್ಟೆಫಾನೊ ಬೆಮರ್ ಎಂಬ ಕುಶಲಕರ್ಮಿಯ ಹತ್ತಿರ ಬೂಟು ಹೊಲಿಯುವುದನ್ನು ಕಲಿತರು. ಯಾವ ಪಾತ್ರಕ್ಕೂ ಅಲ್ಲ, ತಮಗೋಸ್ಕರ.

ನಮಗೆ ಅವರ ಮುಖ ಮೊದಲು ಕಂಡಿದ್ದು ಒಂದು ವಿಚಿತ್ರ ಜಾಗದಲ್ಲಿ. 1982ರ ‘ಗಾಂಧಿ’ ಸಿನಿಮಾ ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಅದರಲ್ಲಿ ದಕ್ಷಿಣ ಆಫ್ರಿಕಾದ ರಸ್ತೆಯಲ್ಲಿ ಗಾಂಧಿಗೆ ಅಡ್ಡ ನಿಂತು ಬೆದರಿಸುವ ಪುಂಡ ಹುಡುಗ ಇದ್ದಾನಲ್ಲ, ಅವರೇ. ಒಂದೆರಡು ನಿಮಿಷದ ಪಾತ್ರ. ಮುಂದಿನ ಸಲ ಟಿವಿಯಲ್ಲಿ ಬಂದಾಗ ಹುಡುಕಿ ನೋಡಿ.

ನಿಜವಾಗಿ ಜನ ತಿರುಗಿ ನೋಡಿದ್ದು 1986ರ ಮಾರ್ಚ್‌ನಲ್ಲಿ. ನ್ಯೂಯಾರ್ಕ್‌ನಲ್ಲಿ ಒಂದೇ ದಿನ ಅವರ ಎರಡು ಸಿನಿಮಾ ಬಿಡುಗಡೆಯಾದವು. ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ನಲ್ಲಿ ಅವರು ಲಂಡನ್ನಿನ ಬೀದಿ ಹುಡುಗ ಜಾನಿ. ಪಾಕಿಸ್ತಾನಿ ಮೂಲದ ಗೆಳೆಯನನ್ನು ಪ್ರೀತಿಸುವವನು, ಮೈಯೆಲ್ಲ ಸಡಿಲ, ತುಟಿಯಲ್ಲಿ ಅರೆನಗು. ‘ಎ ರೂಮ್ ವಿತ್ ಎ ವ್ಯೂ’ನಲ್ಲಿ ಅವರು ಸೆಸಿಲ್ ವೈಸ್. ಕತ್ತು ಸೆಟೆದ ಶ್ರೀಮಂತ, ಪುಸ್ತಕ ಹಿಡಿಯುವುದರಲ್ಲೂ ಬಿಗುಮಾನ. ಇಬ್ಬರೂ ಒಬ್ಬರೇ ಅಂತ ನಂಬೋದೇ ಕಷ್ಟ. ಮೇಕಪ್ ಜಾಸ್ತಿ ಏನಿಲ್ಲ. ವ್ಯತ್ಯಾಸ ಇರುವುದು ಬೆನ್ನುಮೂಳೆಯಲ್ಲಿ ಮತ್ತು ಕೈಯಲ್ಲಿ. ಜಾನಿಯ ಕೈ ಎಲ್ಲಿ ಬೇಕಾದರೂ ಇರುತ್ತದೆ. ಸೆಸಿಲ್‌ನ ಕೈಗೆ ಇರಲು ಜಾಗವೇ ಸಿಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ‘ಮೆಥಡ್ ಆ್ಯಕ್ಟಿಂಗ್’ ಅನ್ನೋ ಗೋಜಲನ್ನು ಬಿಡಿಸಬೇಕು. ಏಕೆಂದರೆ ಡೇ-ಲೂಯಿಸ್ ಬಗ್ಗೆ ಬರೆಯುವ ಎಲ್ಲರೂ ಈ ಪದ ಬಳಸುತ್ತಾರೆ, ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ. ಬೇರು ಇರುವುದು ಮಾಸ್ಕೋದಲ್ಲಿ. 1898ರಲ್ಲಿ ಶುರುವಾದ ಮಾಸ್ಕೋ ಆರ್ಟ್ ಥಿಯೇಟರಿನ ಸ್ತಾನಿಸ್ಲಾವ್‌ಸ್ಕಿ, ನಟ ಹೊರಗಿನಿಂದ ಭಾವ ತೋರಿಸಿದರೆ ಸಾಲದು, ಒಳಗಿಂದ ಹುಟ್ಟಬೇಕು ಅಂದರು. ಅದು ಅಮೆರಿಕಕ್ಕೆ ಬಂದಾಗ ಎರಡು ದಾರಿ ಆಯಿತು. ಲೀ ಸ್ಟ್ರಾಸ್‌ಬರ್ಗ್ ನಟನ ಸ್ವಂತ ನೆನಪನ್ನು ಕೆದಕಿದರು. ಪಾತ್ರ ಅಳಬೇಕಾದರೆ ನೀನು ಯಾವಾಗ ಅತ್ತಿದ್ದೆ ನೆನಪಿಸಿಕೋ ಅಂತ. ಸ್ಟೆಲ್ಲಾ ಆ್ಯಡ್ಲರ್ ಇದನ್ನು ಒಪ್ಪಲಿಲ್ಲ. 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿಯನ್ನೇ ಭೇಟಿ ಮಾಡಿ ಬಂದು, ನಿನ್ನ ಹಳೆಯ ದುಃಖ ಅಲ್ಲ, ಪಾತ್ರ ಇರುವ ಪರಿಸ್ಥಿತಿ ಮುಖ್ಯ, ಕಲ್ಪನೆ ಮುಖ್ಯ ಅಂದರು. ಹಾಲಿವುಡ್‌ನ ಹೆಸರಾಂತ ನಟ ಮರ್ಲಾನ್ ಬ್ರಾಂಡೊ ಕಲಿತದ್ದು ಇವರ ಹತ್ತಿರ.

ಈ ಎರಡರಲ್ಲೂ ‘ಶೂಟಿಂಗ್ ಮುಗಿಯುವ ತನಕ ಪಾತ್ರದಿಂದ ಹೊರಗೆ ಬರಬೇಡ’ ಎಂಬ ನಿಯಮ ಇಲ್ಲ, ಗಮನಿಸಿ. ಅದು ಆಮೇಲೆ ಪತ್ರಿಕೆಗಳ ಬಾಯಲ್ಲಿ ಸೇರಿಕೊಂಡದ್ದು. ಡೇ-ಲೂಯಿಸ್ ಪಾತ್ರದಲ್ಲೇ ಉಳಿಯುತ್ತಾರೆ, ನಿಜ. ಆದರೆ ಅವರು ಮಾಡುವುದು ಪರಿಸ್ಥಿತಿಯನ್ನು ಕಟ್ಟುವ ಕೆಲಸ. ಒಂದು ಸಲ ಕಟ್ಟಿದ ಮೇಲೆ ಊಟದ ವಿರಾಮದಲ್ಲಿ ಕೆಡವಿ, ಮಧ್ಯಾಹ್ನ ಮತ್ತೆ ಕಟ್ಟೋದು ಯಾಕೆ ಎಂಬ ಲೆಕ್ಕ. ಒಲೆ ಹೊತ್ತಿಸಿಟ್ಟವರು ನಡುವೆ ಆರಿಸುತ್ತಾರಾ?

‘ಮೈ ಲೆಫ್ಟ್ ಫುಟ್’ (1989) ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ಟಿ ಬ್ರೌನ್ ಡಬ್ಲಿನ್ ನಗರದ ಬಡ ಕುಟುಂಬದವರು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬಾರದ ಸ್ಥಿತಿ. ಹೇಳಿದ ಮಾತು ಕೇಳುತ್ತಿದ್ದದ್ದು ಎಡಗಾಲು ಮಾತ್ರ. ಆ ಕಾಲಿನಲ್ಲೇ ಬರೆದು, ಚಿತ್ರ ಬಿಡಿಸಿ ಹೆಸರಾದರು. ಈ ಪಾತ್ರಕ್ಕಾಗಿ ಡೇ-ಲೂಯಿಸ್ ಡಬ್ಲಿನ್‌ನಲ್ಲಿ ಅಂಥ ಮಕ್ಕಳ ಚಿಕಿತ್ಸಾ ಶಾಲೆಯಲ್ಲಿ ದಿನಗಟ್ಟಲೆ ಇದ್ದರು. ಕಾಲಿನಲ್ಲಿ ಕುಂಚ ಹಿಡಿಯಲು ಕಲಿತರು. ವೀಲ್‌ಚೇರ್ ಬಿಟ್ಟು ಏಳಲಿಲ್ಲ, ಬೇರೆಯವರು ಚಮಚದಲ್ಲಿ ಉಣಿಸಬೇಕಿತ್ತು ಅನ್ನೋ ಕಥೆಗಳು ಬಂದದ್ದು ಈ ಸೆಟ್‌ನಿಂದಲೇ.

ಈಗ ಸಿನಿಮಾದ ಮೊದಲ ದೃಶ್ಯ ನೋಡಿ. ಒಂದು ಪಾದ. ಅದು ಗ್ರಾಮಫೋನ್ ತಟ್ಟೆಯನ್ನು ಕವರಿನಿಂದ ಎಳೆಯುತ್ತದೆ, ಹೊಂದಿಸುತ್ತದೆ, ಮುಳ್ಳನ್ನು ಎತ್ತಿ ತಟ್ಟೆಯ ಮೇಲೆ ಇಡುತ್ತದೆ. ಸಂಗೀತ ಶುರು. ಮುಖ ಇನ್ನೂ ಕಂಡೇ ಇಲ್ಲ. ಆದರೆ ಈ ಮನುಷ್ಯನ ಬಗ್ಗೆ ಎಷ್ಟೊಂದು ಗೊತ್ತಾಗಿಬಿಟ್ಟಿತು! ತಾಳ್ಮೆ ಇದೆ, ರುಚಿ ಇದೆ, ಯಾರ ಸಹಾಯಕ್ಕೂ ಕಾಯುವವನಲ್ಲ. ಕಾಲು ಪಳಗದಿದ್ದರೆ ಇಲ್ಲಿ ಕತ್ತರಿ ಹಾಕಿ ತುಂಡು ತುಂಡಾಗಿ ತೋರಿಸಬೇಕಾಗುತ್ತಿತ್ತು. ನಮಗೆ ಟ್ರಿಕ್ ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ.

ಇನ್ನೊಂದು ದೃಶ್ಯ ಹೋಟೆಲಿನದು. ತನಗೆ ಮಾತು ಕಲಿಸಿದ ಡಾಕ್ಟರ್ ಐಲೀನ್ ಮೇಲೆ ಕ್ರಿಸ್ಟಿಗೆ ಮನಸ್ಸಾಗಿದೆ. ಊಟದ ಮೇಜಿನಲ್ಲಿ ಎಲ್ಲರ ಎದುರು ಹೇಳಿಯೂಬಿಡುತ್ತಾನೆ. ಆಗ ಗೊತ್ತಾಗುತ್ತದೆ, ಆಕೆಗೆ ಬೇರೆಯವರ ಜೊತೆ ಮದುವೆ ಗೊತ್ತಾಗಿದೆ. ಅವನು ಕುಡಿದಿದ್ದಾನೆ. ಕೊನೆಗೆ ಮೇಜಿನ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಇಲ್ಲಿ ಕರುಣೆಗೆ ಜಾಗವೇ ಇಲ್ಲ. ಕ್ರಿಸ್ಟಿ ಕೊಳಕಾಗಿ, ಸ್ವಾರ್ಥಿಯಾಗಿ, ನಗೆ ಬರಿಸುವಂತೆ ನಡೆದುಕೊಳ್ಳುತ್ತಾನೆ. ಅಂಗವೈಕಲ್ಯ ಇರುವವರನ್ನು ಸಿನಿಮಾ ಸಾಮಾನ್ಯವಾಗಿ ದೇವರಂತೆ ಇಲ್ಲವೇ ಪಾಪದವರಂತೆ ತೋರಿಸುತ್ತದೆ, ಅಲ್ವಾ? ಇಲ್ಲಿ ಪಕ್ಕದ ಮನೆಯ ತುಂಟನಂತೆ ಇದ್ದಾನೆ. ಬಾಲ್ಯದ ಕ್ರಿಸ್ಟಿಯಾಗಿ ನಟಿಸಿದ ಹುಡುಗ ಹ್ಯೂ ಓಕಾನರ್‌ನನ್ನೂ ಮರೆಯಬಾರದು. ಸೀಮೆಸುಣ್ಣವನ್ನು ಕಾಲ್ಬೆರಳಲ್ಲಿ ಹಿಡಿದು ನೆಲದ ಮೇಲೆ ‘ಅಮ್ಮ’ ಅಂತ ಬರೆಯುವ ದೃಶ್ಯ ಅವನದು. ಈ ಪಾತ್ರಕ್ಕೆ ಡೇ-ಲೂಯಿಸ್‌ಗೆ ಬಂದ ಆಸ್ಕರ್‌ನಲ್ಲಿ ಅವನಿಗೂ ಒಂದು ಪಾಲು ಇದೆ ಅಂತ ನಾನು ಲೆಕ್ಕ ಹಾಕುತ್ತೇನೆ.

ಒಂದು ಮಾತು ಸೇರಿಸಬೇಕು. ಇಂದು ಈ ಸಿನಿಮಾ ತೆಗೆದರೆ ಮೊದಲ ಪ್ರಶ್ನೆಯೇ ಬೇರೆ ಇರುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ನಟನಿಗೇ ಯಾಕೆ ಅವಕಾಶ ಕೊಡಲಿಲ್ಲ? ನ್ಯಾಯವಾದ ಪ್ರಶ್ನೆ. ಡೇ-ಲೂಯಿಸ್ ಎಷ್ಟೇ ಚೆನ್ನಾಗಿ ಮಾಡಿರಲಿ, ಆ ಪ್ರಶ್ನೆಗೆ ಅದು ಉತ್ತರ ಅಲ್ಲ.

ಅದೇ ವರ್ಷ ರಂಗದ ಮೇಲೆ ಬೇರೆಯದೇ ನಡೆಯಿತು. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಹ್ಯಾಮ್ಲೆಟ್ ಆಡುತ್ತಿದ್ದವರು, ತಂದೆಯ ಪ್ರೇತ ಎದುರಾಗುವ ದೃಶ್ಯದಲ್ಲಿ ಅರ್ಧಕ್ಕೇ ಇಳಿದು ಹೋದರು. ಸತ್ತ ಅಪ್ಪನನ್ನೇ ಕಂಡರಂತೆ ಅಂತ ಸುದ್ದಿ ಹಬ್ಬಿತು. ಅವರ ತಂದೆ ತೀರಿಕೊಂಡಾಗ ಅವರಿಗೆ 15 ವರ್ಷ. ದೆವ್ವ ಗಿವ್ವ ಏನೂ ಕಾಣಲಿಲ್ಲ, ರೂಪಕದ ಅರ್ಥದಲ್ಲಿ ಹೇಳಿದ್ದು ಅಂತ ಅವರೇ ಆಮೇಲೆ ತಿಳಿಸಿದರು. ಆದರೆ ರಂಗಕ್ಕೆ ಮತ್ತೆ ಬರಲಿಲ್ಲ.

‘ಇನ್ ದ ನೇಮ್ ಆಫ್ ದ ಫಾದರ್’ (1993) ಕೂಡ ನಿಜ ಕಥೆ. ಬೆಲ್‌ಫಾಸ್ಟಿನ ಗೆರಿ ಕಾನ್ಲನ್, ಮಾಡದ ಬಾಂಬ್ ಸ್ಫೋಟಕ್ಕೆ ಸಿಕ್ಕಿಹಾಕಿಕೊಂಡು ಸುಮಾರು 15 ವರ್ಷ ಜೈಲಿನಲ್ಲಿದ್ದ. ಹೊಡೆದು ಬೆದರಿಸಿ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡಿದ್ದರು. ಮಾಡದ ಕೆಲಸಕ್ಕೆ ಮನುಷ್ಯ ಸಹಿ ಯಾಕೆ ಹಾಕುತ್ತಾನೆ? ಇದೇ ಈ ಪಾತ್ರದ ಗಂಟು. ಅದನ್ನು ತಿಳಿಯಲು ಡೇ-ಲೂಯಿಸ್ ನಿದ್ದೆ ಬಿಟ್ಟು ಸೆಟ್‌ನ ಜೈಲುಕೋಣೆಯಲ್ಲಿ ರಾತ್ರಿ ಕಳೆದರು, ತಮ್ಮನ್ನು ವಿಚಾರಣೆಗೆ ಒಡ್ಡಿಕೊಂಡರು, ತಣ್ಣೀರು ಎರಚಿಸಿಕೊಂಡರು. ತೆರೆಯ ಮೇಲೆ ಅದರ ಫಲ ಕಾಣುವುದು ಕೂಗಾಟದಲ್ಲಿ ಅಲ್ಲ, ಸಹಿ ಹಾಕುವ ಹೊತ್ತಿನ ಸೋತ ಮುಖದಲ್ಲಿ. ಅಪ್ಪನಾಗಿ ಪೀಟ್ ಪೋಸ್ಟಲ್‌ತ್ವೇಟ್ ಇದ್ದಾರೆ. ಒಂದೇ ಕೋಣೆಯಲ್ಲಿ ಅಪ್ಪ ಮಗನ ಜಗಳ ನೋಡುವಾಗ ಯಾರ ನಟನೆ ಮೇಲು ಅನ್ನೋದೇ ಮರೆತುಹೋಗುತ್ತದೆ.

‘ದ ಲಾಸ್ಟ್ ಆಫ್ ದ ಮೊಹಿಕನ್ಸ್’ (1992), ‘ದ ಏಜ್ ಆಫ್ ಇನ್ನೊಸೆನ್ಸ್’ (1993), ‘ದ ಬಾಕ್ಸರ್’ (1997) ಇವನ್ನೆಲ್ಲ ಬೇಗ ದಾಟುತ್ತೇನೆ. ಒಂದಕ್ಕೆ ಬೇಟೆ ಕಲಿತರು, ಇನ್ನೊಂದಕ್ಕೆ ಹಳೆ ಕಾಲದ ಉಡುಪಿನಲ್ಲಿ ನ್ಯೂಯಾರ್ಕ್ ಸುತ್ತಿದರು, ಮತ್ತೊಂದಕ್ಕೆ ಬಾಕ್ಸಿಂಗ್ ಚಾಂಪಿಯನ್ ಬ್ಯಾರಿ ಮಗ್ವಿಗನ್ ಹತ್ತಿರ ವರ್ಷಗಟ್ಟಲೆ ಗುದ್ದಾಟ ಕಲಿತರು. ಆಮೇಲೆ ಐದು ವರ್ಷ ತೆರೆಯ ಮೇಲೆ ಇಲ್ಲ. ಬೂಟಿನ ಕಥೆ ಆ ನಡುವಿನದು.

ವಾಪಸು ಬಂದದ್ದು ಕಟುಕನಾಗಿ. ‘ಗ್ಯಾಂಗ್ಸ್ ಆಫ್ ನ್ಯೂಯಾರ್ಕ್’ (2002) ಸಿನಿಮಾದ ಬಿಲ್ ದ ಬುಚರ್. ಮಾಂಸ ಕತ್ತರಿಸುವುದನ್ನು ನಿಜವಾಗಿ ಕಲಿತು ಬಂದರು. ಅಂಗಡಿಯಲ್ಲಿ ಹಂದಿಯ ಮಾಂಸಕ್ಕೆ ಚಾಕು ಇಟ್ಟು, ಎಲ್ಲಿ ಚುಚ್ಚಿದರೆ ಸಾವು, ಎಲ್ಲಿ ಬರೀ ಗಾಯ ಅಂತ ಹುಡುಗನಿಗೆ ಪಾಠ ಹೇಳುವ ದೃಶ್ಯದಲ್ಲಿ ಆ ಕೈಯ ಸಲೀಸು ನೋಡಬೇಕು. ಭಯ ಹುಟ್ಟುವುದೇ ಅಲ್ಲಿ. ಕೊಲೆ ಇವನಿಗೆ ದ್ವೇಷ ಅಲ್ಲ, ದಿನದ ಕೆಲಸ. ಸಿನಿಮಾ ಮಾತ್ರ ಅವರ ಮಟ್ಟಕ್ಕೆ ಏರಲಿಲ್ಲ. ಬಿಲ್ ತೆರೆಯ ಮೇಲೆ ಇಲ್ಲದಾಗ ನನಗೆ ಗಡಿಯಾರ ನೋಡುವ ಹಾಗಾಗುತ್ತದೆ.

ಇಂಗ್ಲಿಷ್ ಸಿನಿಮಾವನ್ನು ಸಬ್‌ಟೈಟಲ್ ಇಟ್ಟುಕೊಂಡು ನೋಡುವ ನಮ್ಮಂಥವರಿಗೆ ಒಂದು ತೊಂದರೆ ಇದೆ. ಕಣ್ಣು ಅಕ್ಷರದ ಮೇಲೆ ಇರುತ್ತದೆ, ಕೈ ಕಾಲು ಕಾಣುವುದೇ ಇಲ್ಲ. ಅದಕ್ಕೆ ಡೇ-ಲೂಯಿಸ್ ನೋಡೋಕೆ ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ‘ದೇರ್ ವಿಲ್ ಬಿ ಬ್ಲಡ್’ (2007) ಸಿನಿಮಾದ ಮೊದಲ ಕಾಲು ಗಂಟೆ ನೋಡಿ ಅನ್ನುತ್ತೇನೆ. ಅಲ್ಲಿ ಮಾತೇ ಇಲ್ಲ ಅನ್ನಬಹುದು.

1898. ಡೇನಿಯಲ್ ಪ್ಲೇನ್‌ವ್ಯೂ ಎಂಬವನು ಒಂಟಿಯಾಗಿ ಬೆಳ್ಳಿಗಾಗಿ ಬಾವಿ ತೋಡುತ್ತಿದ್ದಾನೆ. ಗುದ್ದಲಿ ಏಟಿಗೆ ಕಿಡಿ ಹಾರುತ್ತದೆ. ಏಣಿಯ ಮೆಟ್ಟಿಲು ಮುರಿದು ಕೆಳಗೆ ಬೀಳುತ್ತಾನೆ. ಕಾಲು ಮುರಿದಿದೆ. ಆ ಸ್ಥಿತಿಯಲ್ಲೂ ಮೊದಲು ನೋಡುವುದು ಕಲ್ಲಿನಲ್ಲಿ ಬೆಳ್ಳಿ ಇದೆಯೋ ಇಲ್ಲವೋ ಅಂತ. ಆಮೇಲೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತಾನೆ. ಮುಂದಿನ ಎರಡೂವರೆ ಗಂಟೆಯ ಸಿನಿಮಾ ಪೂರ್ತಿ ಈ ಒಂದು ದೃಶ್ಯದಲ್ಲಿ ಇದೆ. ಮುರಿದ ಆ ಕಾಲಿನ ಕುಂಟು 1927ರಲ್ಲಿ ಕಥೆ ಮುಗಿಯುವ ತನಕ ಹೋಗುವುದಿಲ್ಲ. ನಟ ಅದನ್ನು ಒಂದು ಕ್ಷಣವೂ ಮರೆಯುವುದಿಲ್ಲ, ನಾವು ಮರೆತರೂ.

ಮಾತು ಶುರುವಾದ ಮೇಲೆ ಬೇರೆಯೇ ಆಟ. ಬೆಳ್ಳಿ ಬಿಟ್ಟು ತೈಲದ ವ್ಯಾಪಾರಕ್ಕೆ ಇಳಿದ ಪ್ಲೇನ್‌ವ್ಯೂನ ದನಿ ದಪ್ಪ, ದುಂಡಗೆ, ಒಂದೊಂದು ಪದವನ್ನೂ ತೂಗಿ ಇಟ್ಟ ಹಾಗೆ. ಹಳ್ಳಿ ಜನರ ಎದುರು ನಿಂತು ನಾನು ನಿಮ್ಮವನೇ, ತೈಲದ ಮನುಷ್ಯ, ಕುಟುಂಬಸ್ಥ ಅಂತ ಹೇಳುವಾಗ ಆ ದನಿ ವ್ಯಾಪಾರದ ದನಿ. ಪಕ್ಕದಲ್ಲಿ ಮಗನನ್ನು ನಿಲ್ಲಿಸಿಕೊಂಡಿರುವುದೂ ವ್ಯಾಪಾರವೇ. ಈ ದನಿ ಎಲ್ಲಿ ಒಡೆಯುತ್ತದೆ ಅಂತ ಕಾಯುತ್ತಾ ಇರಿ. ಚರ್ಚಿನಲ್ಲಿ ಅದು ಒಡೆಯುತ್ತದೆ. ಪೈಪ್‌ಲೈನಿಗೆ ಜಾಗ ಸಿಗಬೇಕಾದರೆ ಜನರೆಲ್ಲರ ಎದುರು ದೀಕ್ಷೆ ಪಡೆಯಬೇಕು. ಯುವ ಪಾದ್ರಿ ಈಲೈ ಅವನನ್ನು ಮಂಡಿಯೂರಿಸಿ, ಕೆನ್ನೆಗೆ ಹೊಡೆದು, ಮಗನನ್ನು ತೊರೆದೆ ಎಂದು ಒಪ್ಪಿಸುತ್ತಾನೆ. ಮೊದಲು ಪ್ಲೇನ್‌ವ್ಯೂ ಬೇಕಂತಲೇ ಉಡಾಫೆಯಿಂದ ಹೇಳುತ್ತಾನೆ. ಮತ್ತೆ ಹೇಳು, ಜೋರಾಗಿ ಹೇಳು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಉಡಾಫೆ ಹೋಗಿ ನಿಜವಾದ ನೋವು ಹೊರಬೀಳುತ್ತದೆ. ಅದು ಹೊರಬಿದ್ದದ್ದಕ್ಕೆ ಅವನಿಗೆ ಬಂದ ಸಿಟ್ಟೂ ಅದೇ ಮುಖದಲ್ಲಿ ಇದೆ. ಎದುರಿಗೆ ಪಾಲ್ ಡಾನೊ ಅಷ್ಟೇ ಗಟ್ಟಿ. ಶೂಟಿಂಗ್ ನಡುವೆ ಈ ಪಾತ್ರಕ್ಕೆ ಬಂದವರು ಅವರು.

‘ಲಿಂಕನ್’ (2012) ಇದಕ್ಕೆ ಪೂರ್ತಿ ತದ್ವಿರುದ್ಧ. ತಯಾರಾಗಲು ಒಂದು ವರ್ಷ ಬೇಕು ಅಂತ ನಿರ್ದೇಶಕ ಸ್ಪೀಲ್‌ಬರ್ಗ್ ಅವರನ್ನು ಕೇಳಿ ಪಡೆದರು. ಇಲ್ಲಿ ಕಲಿಯಬೇಕಾದ ಕಸುಬು ಮಾತು. ಲಿಂಕನ್ ಸತ್ತದ್ದು 1865ರಲ್ಲಿ, ಎಡಿಸನ್ ಗ್ರಾಮಫೋನಿನ ಮೂಲ ಯಂತ್ರ ಮಾಡಿದ್ದು 1877ರಲ್ಲಿ. ಅಂದರೆ ಲಿಂಕನ್ ದನಿಯನ್ನು ಈಗಿನವರು ಯಾರೂ ಕೇಳಿಲ್ಲ. ಆದರೂ ಅಮೆರಿಕದವರ ತಲೆಯಲ್ಲಿ ಅದು ಗುಡುಗಿನಂಥ ದನಿ. ಕಲ್ಲಿನ ಪ್ರತಿಮೆಗೆ ಒಪ್ಪುವ ದನಿ. ಕೇಳಿದವರು ಬರೆದಿಟ್ಟದ್ದು ಬೇರೆ: ತೆಳು, ಕೀರಲು, ಎತ್ತರದ ದನಿ. ಡೇ-ಲೂಯಿಸ್ ಅದನ್ನೇ ಹಿಡಿದರು.

ಇಷ್ಟರಿಂದ ಪಾತ್ರ ಪೂರ್ತಿ ತಿರುಗಿತು. ದೊಡ್ಡ ದನಿ ಇಲ್ಲದವನು ಗದರಿಸಿ ಗೆಲ್ಲೋಕೆ ಆಗಲ್ಲ. ಕಥೆ ಹೇಳಿ, ನಗಿಸಿ, ಸುತ್ತಿ ಬಳಸಿ ಬರಬೇಕು. ಯುದ್ಧದ ಸುದ್ದಿಗಾಗಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ಲಿಂಕನ್ ಒಂದು ತಮಾಷೆ ಕಥೆ ಶುರು ಮಾಡುತ್ತಾನೆ. ಮಂತ್ರಿ ಸ್ಟ್ಯಾಂಟನ್‌ಗೆ ತಲೆ ಕೆಟ್ಟು, ಇನ್ನೊಂದು ಕಥೆ ಕೇಳಲಾರೆ ಅಂತ ಎದ್ದು ಹೋಗುತ್ತಾನೆ. ನಮ್ಮ ಕಡೆ ಪಂಚಾಯ್ತಿ ಕಟ್ಟೆಯಲ್ಲಿ ಇಂಥ ಹಿರಿಯರು ಇರುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಎಲ್ಲಿಂದಲೋ ಒಂದು ಕಥೆ ತೆಗೆಯುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ನೀವು ಒಪ್ಪಿರುತ್ತೀರಿ. ಗುಲಾಮಗಿರಿ ನಿಲ್ಲಿಸುವ ತಿದ್ದುಪಡಿಗೆ ಲಿಂಕನ್ ಮತ ಸೇರಿಸುವುದು ಹೀಗೇ. ಕೊನೆಗೆ ಒಮ್ಮೆ ಮೇಜು ಬಡಿದು ದನಿ ಏರಿಸಿದಾಗ ಆ ಕೀರಲು ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೇ ಅದು ಚುಚ್ಚುತ್ತದೆ.

ಈ ಸಿನಿಮಾದಿಂದ ಮೂರನೇ ಆಸ್ಕರ್ ಬಂತು. ನಾಯಕ ನಟ ವಿಭಾಗದಲ್ಲಿ ಮೂರು ಸಲ ಗೆದ್ದವರು ಈವರೆಗೆ ಇವರೊಬ್ಬರೇ.

ಇಷ್ಟು ಹೊಗಳಿದ ಮೇಲೆ ಆಕ್ಷೇಪವನ್ನೂ ಹೇಳಬೇಕು. ಒಬ್ಬರು ಪಾತ್ರದಲ್ಲೇ ಉಳಿಯಬೇಕಾದರೆ ಸೆಟ್‌ನಲ್ಲಿ ಉಳಿದವರು ಹೊಂದಿಕೊಳ್ಳಬೇಕು. ವೀಲ್‌ಚೇರನ್ನು ಕೇಬಲ್ ಮೇಲಿಂದ ಎತ್ತಿ ದಾಟಿಸಿದ ಲೈಟ್‌ಬಾಯ್‌ಗಳ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ವರ್ಷದ ತಯಾರಿ ಕೇಳುವ ಸವಲತ್ತು ಎಷ್ಟು ಜನ ನಟರಿಗೆ ಇದೆ? ನಟಿಯೊಬ್ಬರು ಹೀಗೇ ಹಠ ಹಿಡಿದರೆ ‘ಬದ್ಧತೆ’ ಅನ್ನುತ್ತಾರಾ, ‘ತಲೆನೋವು’ ಅನ್ನುತ್ತಾರಾ? ಇನ್ನೊಂದು, ತಯಾರಿ ಜಾಸ್ತಿ ಆದ ಮಾತ್ರಕ್ಕೆ ಸಿನಿಮಾ ಗೆಲ್ಲಲ್ಲ. ‘ನೈನ್’ (2009) ನೋಡಿ. ಹಾಡು, ಕುಣಿತ, ಇಟಲಿಯ ಉಚ್ಚಾರ ಎಲ್ಲ ಇದೆ. ಆದರೂ ನನಗೆ ಅಲ್ಲಿ ಕಂಡದ್ದು ಶ್ರಮ ಮಾತ್ರ. ಒಳ್ಳೆ ಬಡಗಿಗೂ ಮರ ಸರಿ ಸಿಗಬೇಕಲ್ಲ.

‘ಫ್ಯಾಂಟಮ್ ಥ್ರೆಡ್’ನಲ್ಲಿ (2017) ಮರ ಸರಿಯಾಗಿ ಸಿಕ್ಕಿತು. ಇದು 1950ರ ದಶಕದ ಲಂಡನ್ನಿನ ಸಿರಿವಂತ ಹೆಂಗಸರಿಗೆ ಬಟ್ಟೆ ಹೊಲಿಯುವ ರೆನಾಲ್ಡ್ಸ್ ವುಡ್‌ಕಾಕ್‌ನ ಕಥೆ. ಇದಕ್ಕಾಗಿ ನ್ಯೂಯಾರ್ಕ್ ಸಿಟಿ ಬ್ಯಾಲೆಯ ವಸ್ತ್ರ ವಿಭಾಗದ ಮುಖ್ಯಸ್ಥರ ಹತ್ತಿರ ಹೊಲಿಗೆ ಕಲಿತರು. ಕೊನೆಗೆ ಹೆಸರಾಂತ ವಸ್ತ್ರವಿನ್ಯಾಸಕ ಬಾಲೆನ್ಸಿಯಾಗ ಶೈಲಿಯ ಒಂದು ಉಡುಪನ್ನು ಹೆಂಡತಿ ರೆಬೆಕಾ ಮಿಲ್ಲರ್ ಅಳತೆಗೆ ತಾವೇ ಹೊಲಿದರು. ಜೊತೆಗಾತಿ ವಿಕಿ ಕ್ರೀಪ್ಸ್ ಅವರನ್ನು ಮೊದಲು ಭೇಟಿಯಾದದ್ದೇ ಶೂಟಿಂಗ್ ದಿನ. ಪಾತ್ರಗಳ ಮೊದಲ ಭೇಟಿ ಅವರಿಬ್ಬರ ಮೊದಲ ಭೇಟಿಯೂ ಹೌದು. ವುಡ್‌ಕಾಕ್ ಅವಳ ಅಳತೆ ತೆಗೆಯುವ ದೃಶ್ಯ ನೋಡಿ. ಟೇಪು ಹಿಡಿದ ಬೆರಳು ನಾಜೂಕು, ಮಾತು ಒರಟು. ಅವಳು ಅವನಿಗೆ ಹೆಣ್ಣೋ, ಬಟ್ಟೆ ತೊಡಿಸುವ ಗೊಂಬೆಯೋ? ಅವನಿಗೇ ಗೊತ್ತಿಲ್ಲ. ಬೆಳಗಿನ ತಿಂಡಿಯ ಮೇಜಿನಲ್ಲಿ ಅವಳು ಬ್ರೆಡ್ಡಿಗೆ ಬೆಣ್ಣೆ ಸವರುವ ಸದ್ದಿಗೇ ಅವನ ದಿನ ಹಾಳಾಗುತ್ತದೆ. ನನಗೆ ಅವರ ಸಿನಿಮಾಗಳಲ್ಲಿ ಅತಿ ಹೆಚ್ಚು ನಗು ಬಂದದ್ದು ಇದರಲ್ಲಿ. ಗಂಭೀರ ನಟ ಅಂತ ದೂರ ಇಟ್ಟವರು ಇಲ್ಲಿಂದ ಶುರು ಮಾಡಿದರೂ ಆಗುತ್ತದೆ.

ಆ ಸಿನಿಮಾ ತೆರೆಗೆ ಬರುವ ಮೊದಲೇ, 2017ರ ಜೂನ್‌ನಲ್ಲಿ, ನಟನೆ ಬಿಟ್ಟೆ ಅಂತ ಹೇಳಿಕೆ ಕೊಟ್ಟರು. ಎಂಟು ವರ್ಷ ಹಾಗೇ ಇದ್ದರು. 2025ರಲ್ಲಿ ‘ಅನೆಮನಿ’ಯಲ್ಲಿ ಮತ್ತೆ ಬಂದರು. ನಿರ್ದೇಶನ ಮಗ ರೋನನ್‌ದು, ಕಥೆ ಅಪ್ಪ ಮಗ ಕೂತು ಬರೆದದ್ದು. ಕಾಡಿನಲ್ಲಿ ವರ್ಷಗಟ್ಟಲೆ ಒಂಟಿಯಾಗಿರುವ ಮಾಜಿ ಸೈನಿಕನ ಹತ್ತಿರ ಒಡಹುಟ್ಟಿದವನು ಹುಡುಕಿಕೊಂಡು ಬರುತ್ತಾನೆ. ಸಿನಿಮಾ ಅಲ್ಲಲ್ಲಿ ಜೋಲುತ್ತದೆ. ಆದರೆ ಅವರು ಉದ್ದಕ್ಕೆ ಮಾತಾಡುವ ಎರಡು ದೃಶ್ಯಗಳಿವೆ. ಅಲ್ಲಿ ಅವರನ್ನಷ್ಟೇ ನೋಡಬೇಡಿ, ಎದುರಿಗೆ ಕೂತ ಶಾನ್ ಬೀನ್ ಕಡೆಗೂ ಸ್ವಲ್ಪ ಗಮನ ಇರಲಿ. ಅವರು ಹೆಚ್ಚೇನೂ ಹೇಳುವುದಿಲ್ಲ. ಕೇಳುತ್ತಾರೆ, ಅಷ್ಟೇ.